ಪೂಜೆಗಿಟ್ಟ ನೋಟ್‌ಬುಕ್ಕು

ನಮ್ಮ ಮನೆಯಲ್ಲಿ ಎಸ್ಸೆಸ್ಸೆಲ್ಸಿ ದಾಟಿದವಳು ನಾನೇ ಮೊದಲು. ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ ನಾನು ರಸಾಯನಶಾಸ್ತ್ರದ ಪಿಎಚ್.ಡಿ.ಗೆ ಸೇರಿದಾಗ, ಉದಯಗಿರಿಯಲ್ಲಿ ಸ್ಕೂಟರ್ ರಿಪೇರಿ ಅಂಗಡಿ ಇಟ್ಟಿದ್ದ ಅಪ್ಪ ಬಂದ ಗಿರಾಕಿಗಳಿಗೆಲ್ಲ ಹೇಳಿದರು. ಏನು ಓದುತ್ತಾಳೆ ಎಂದು ಯಾರಾದರೂ ಕೇಳಿದರೆ ಮಾತ್ರ ನನ್ನ ಮುಖ ನೋಡುತ್ತಿದ್ದರು.

ನಾನು ಹೂ ಕಟ್ಟುವುದನ್ನು ನೆನಪಿಸಿ ಹೇಳುತ್ತಿದ್ದೆ. ಅಕ್ರಿಲಿಕ್ ಹಾಳೆ ಮಾಡುವ ಒಂದು ದ್ರವವಿದೆ. ಅದರ ಅಣುಗಳು ಒಂದಕ್ಕೊಂದು ಸೇರಿ ಉದ್ದದ ಸರವಾಗುತ್ತವೆ. ಪ್ರತಿ ಅಣುವಿಗೂ ಪಕ್ಕಕ್ಕೆ ಚಾಚಿದ ಒಂದು ಕವಲು. ಸುಮ್ಮನೆ ಬಿಟ್ಟರೆ ಕವಲುಗಳು ಹೇಗೆಂದರೆ ಹಾಗೆ ಕೂರುತ್ತವೆ. ಇಟ್ರಿಯಂ ಎಂಬ ಅಪರೂಪದ ಲೋಹದ ಸಂಯುಕ್ತವನ್ನು ಚೂರೇ ಚೂರು ಹಾಕಿದರೆ, ಮಲ್ಲಿಗೆ ಕಟ್ಟುವಾಗ ಮೊಗ್ಗನ್ನು ಒಂದು ಸಲ ಆಚೆಗೆ, ಒಂದು ಸಲ ಈಚೆಗೆ ಇಡುತ್ತಾರಲ್ಲ, ಹಾಗೆ ಕೂರುತ್ತವೆ. ಎಷ್ಟು ಅಚ್ಚುಕಟ್ಟಾಗಿ ಕೂರಿಸಬಲ್ಲೆ ಎನ್ನುವುದೇ ನನ್ನ ಥೀಸಿಸ್ಸು.

ಎರಡನೆಯ ವರ್ಷ ಒಂದು ಸ್ಯಾಂಪಲ್ಲು ಬಹಳ ಅಚ್ಚುಕಟ್ಟಾಗಿ ಬಂತು. ಪರೀಕ್ಷೆಗೆ ಬೆಂಗಳೂರಿಗೆ ಕಳಿಸಿದ್ದೆವು, ಕವಲುಗಳು ಹೇಗೆ ಕೂತಿವೆ ಎಂದು ತೋರಿಸುವ ಗ್ರಾಫು ಅಂಚೆಯಲ್ಲಿ ಬರುವ ಹೊತ್ತಿಗೆ ಒಂದು ತಿಂಗಳಾಗಿತ್ತು. ಗೈಡು ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು ನೋಡಿದರು. "ಇನ್ನೊಂದು ಸಲ ಮಾಡಮ್ಮ" ಎಂದರು.

ಮಾಡಿದೆ. ಬರಲಿಲ್ಲ. ಮೂರು ಸಲ ಮಾಡಿದೆ. ಅದೇ ಇಟ್ರಿಯಂ, ಅದೇ ದ್ರವ, ನೋಟ್‌ಬುಕ್ಕಿನಲ್ಲಿ ಬರೆದ ಅಳತೆಯೇ. ನೀರಿನ ಪಸೆ ತಗುಲಿದರೆ ಈ ಇಟ್ರಿಯಂ ಸತ್ತೇಹೋಗುತ್ತದೆ. ಅದಕ್ಕೇ ಗಾಜಿನ ಸಾಮಾನನ್ನೆಲ್ಲ ಓವನ್ನಿನಲ್ಲಿ ಎರಡೆರಡು ಸಲ ಒಣಗಿಸಿದೆ. ನೈಟ್ರೋಜನ್ ಸಿಲಿಂಡರನ್ನೂ ಬದಲಾಯಿಸಿದೆ. ಕೊನೆಗೆ ಸಿಗುವ ಪುಡಿಯೇನೋ ಬೆಳ್ಳಗೆ ಹಾಗೇ ಬರುತ್ತಿತ್ತು. ಗ್ರಾಫು ಮಾತ್ರ ಬೇರೆ.

"ಒಂದೇ ಸಲ ಬಂದಿದ್ದನ್ನ ಯಾರೂ ನಂಬಲ್ಲಮ್ಮ" ಎಂದರು ಗೈಡು. ಆಮೇಲೆ ಮೆಲ್ಲಗೆ, "ಆ ಸ್ಯಾಂಪಲ್ ನೀನೇ ಮಾಡಿದ್ದು ತಾನೆ?"

ಮಾಡಿದ್ದು ನಾನೇ. ಆದರೆ ತೋರಿಸುವುದು ಹೇಗೆ? ಮುಂದಿನ ವಾರದೊಳಗೆ ದಾರಿ ಸಿಗದಿದ್ದರೆ ಆ ಕೆಲಸವನ್ನು ಕೈಬಿಡು ಎಂದರು. ಬಿಟ್ಟರೆ ಅವರ ಅನುಮಾನ ಹಾಗೇ ಉಳಿಯುತ್ತಿತ್ತು.

ನೋಟ್‌ಬುಕ್ಕನ್ನು ಮನೆಗೆ ತಂದು ಎಷ್ಟು ಸಲ ಓದಿದೆನೋ. ಅಪ್ಪ ಕಾಫಿ ಕುಡಿಯುತ್ತ ಪಕ್ಕದಲ್ಲಿ ಕೂತರು. ಇಂಗ್ಲಿಷ್ ಬಾರದಿದ್ದರೂ ತಾರೀಕು ಓದುತ್ತಿದ್ದರು. ರಟ್ಟಿನ ಮೇಲಿದ್ದ ಕುಂಕುಮವನ್ನು ನೋಡಿದರು, ಪುಟವನ್ನು ನೋಡಿದರು.

"ಇದು ಆಯುಧಪೂಜೆ ದಿನದ್ದಲ್ವೇನಮ್ಮ? ಪೂಜೆಗಿಟ್ಟ ಬುಕ್ಕನ್ನ ಅವತ್ತೇ ಎತ್ಕೊಂಡ್ಬುಟ್ಯಾ?"

"ಇಲ್ಲಪ್ಪ. ಹಬ್ಬ ಕಳೆದು ಬರೆದಿದ್ದು."

"ಮತ್ತೆ ಅವತ್ತು ಕೆಲ್ಸ ಮಾಡ್ದೆ?"

"ಬೆಳಿಗ್ಗೆ ಒಂಚೂರು..."

"ಒಂದು ಸ್ಪಾನರ್ ಮುಟ್ಟಲ್ಲ ಕಣಮ್ಮ ನಾನು ಅವತ್ತು. ಓದಿದೋರು ನೀವು, ಎಂಗ್ ಬೇಕಾದ್ರೂ ಮಾಡ್ತೀರ" ಎಂದು ಎದ್ದುಹೋದರು.

ಅಪ್ಪನ ಚಿಂತೆ ಪೂಜೆಯದು. ನನಗೆ ಮಾತ್ರ ಆ ಬೆಳಿಗ್ಗೆ ಒಂದೊಂದಾಗಿ ನೆನಪಾಯಿತು. ಆ ದಿನ ನಮ್ಮ ಲ್ಯಾಬಿನ ಅಟೆಂಡರು ಸೇವಂತಿಗೆ ಹಾರ, ಬೂದುಗುಂಬಳ ಹಿಡಿದು ಬಾಗಿಲಲ್ಲೇ ನಿಂತಿದ್ದರು. "ಮೇಜು ಖಾಲಿ ಮಾಡಿ ಮೇಡಂ, ಮಂಗಳಾರತಿಗೆ ಹೊತ್ತಾಯ್ತು. ಆ ಬುಕ್ಕೂ ಕೊಡಿ." ದಿನವೂ ನಾನು ದ್ರವದ ಫ್ಲಾಸ್ಕನ್ನು ಐಸು, ಉಪ್ಪು ಹಾಕಿದ ಟಬ್ಬಿನಿಂದ ಎತ್ತಿ, ಅದು ಕೋಣೆಯ ಬಿಸಿಗೆ ಬಂದ ಮೇಲೆ ಇಟ್ರಿಯಂ ಹಾಕುತ್ತಿದ್ದೆ. ಅವತ್ತು ಎತ್ತಿಡಲು ಮೇಜೇ ಇರಲಿಲ್ಲ. ಫ್ಲಾಸ್ಕು ಟಬ್ಬಿನೊಳಗಿರುವಾಗಲೇ ಅದಕ್ಕೆ ಇಟ್ರಿಯಂ ಹಾಕಿ, ಟಬ್ಬನ್ನು ಸಿಂಕಿನ ಕೆಳಗೆ ತಳ್ಳಿ, ಪೂಜೆಗೆ ನಿಂತೆ. ಕಡ್ಲೆಪುರಿ ತಿಂದು ಬಂದು ಕ್ರಿಯೆ ನಿಲ್ಲಿಸಿದೆ. ನೋಟ್‌ಬುಕ್ಕು ವಿಜಯದಶಮಿ ಕಳೆಯುವವರೆಗೂ ಹೂವಿನ ಕೆಳಗಿತ್ತು. ಆಮೇಲೆ, ಮೊದಲೇ ಬರೆದಿಟ್ಟುಕೊಂಡಿದ್ದ ಚೀಟಿಯನ್ನು ನೋಡಿ, ಮಾಡಬೇಕೆಂದಿದ್ದುದನ್ನೇ ಬುಕ್ಕಿಗೆ ಇಳಿಸಿಬಿಟ್ಟಿದ್ದೆ: ಕೋಣೆಯ ಬಿಸಿ, ಒಂದು ಗಂಟೆ.

ಮರುದಿನ ಗೈಡಿಗೆ ಹೇಳಿದೆ.

"ಅಂದ್ರೆ ನೋಟ್‌ಬುಕ್‌ನಲ್ಲಿ ಸುಳ್ಳು ಬರ್ದಿದ್ದೀಯ."

"ಹೌದು ಸರ್. ಆದ್ರೆ ಸ್ಯಾಂಪಲ್ ಸುಳ್ಳಲ್ಲ."

ಅವರು ಬುಕ್ಕನ್ನು ನನ್ನ ಮುಂದೆ ತಳ್ಳಿದರು. ಹಳೆಯ ಸಾಲು ಕಾಣುವ ಹಾಗೆ ಒಂದೇ ಗೆರೆ ಎಳೆಸಿ, ಪಕ್ಕದಲ್ಲಿ ನಡೆದದ್ದನ್ನು ಬರೆಸಿ, ಸಹಿ ಹಾಕಿಸಿದರು. ಅವರು ಸಹಿ ಹಾಕಲಿಲ್ಲ. "ಐಸಲ್ಲಿಟ್ಟು ಮಾಡು. ನಾನಿಲ್ಲೇ ಕೂತಿರ್ತೀನಿ."

ಕೂತಿದ್ದರು. ಆ ಗ್ರಾಫು ಬಂದಾಗ ಕವಲುಗಳು ಸಾಲಾಗಿಯೇ ಕೂತಿದ್ದವು. ಅವರು ಪೆನ್ನು ತೆಗೆದು ಹಳೆಯ ಪುಟದಲ್ಲಿ ನನ್ನ ಸಹಿಯ ಕೆಳಗೆ ತಮ್ಮದನ್ನೂ ಹಾಕಿದರು.

ಆದರೆ ಮೊದಲನೆಯದರಷ್ಟು ಅಚ್ಚುಕಟ್ಟು ಅದರಲ್ಲಿ ಇರಲಿಲ್ಲ. ಕೊಂಚ ಕಮ್ಮಿ. ಆ ಕೊಂಚ ಎಲ್ಲಿ ಹೋಯಿತು? ಅವತ್ತು ಐಸು ಹೆಚ್ಚಿತ್ತೋ, ಉಪ್ಪು ಹೆಚ್ಚಿತ್ತೋ, ಬರೆದಿಡಲಿಲ್ಲವಲ್ಲ. ಥೀಸಿಸ್ಸಿನಲ್ಲಿ ಎರಡು ಅಂಕಿಗಳನ್ನೂ ಕೊಟ್ಟೆ. ವೈವಾದಲ್ಲಿ ಕೇಳಿದರು. ಗೊತ್ತಿಲ್ಲ ಎಂದೆ. ಡಿಗ್ರಿ ಕೊಟ್ಟರು. ಈಗಲೂ ಗೊತ್ತಿಲ್ಲ.

ಡಿಗ್ರಿಗೂ ಮೊದಲು, ಮುಂದಿನ ವರ್ಷದ ಆಯುಧಪೂಜೆಗೆ ಅಟೆಂಡರು ಬಂದು ಬುಕ್ಕು ಕೇಳಿದರು. ಕೊಟ್ಟೆ. ಆ ಬೆಳಿಗ್ಗೆ ನಾನು ಒಂದು ಫ್ಲಾಸ್ಕನ್ನೂ ಬೀರುವಿನಿಂದ ಹೊರಗೆ ತೆಗೆದಿರಲಿಲ್ಲ.