ನೊಣದ ಮೇಷ್ಟ್ರು

ಪ್ರಯೋಗಾಲಯದಲ್ಲಿ ಅವರು ನೊಣದ ಮೇಷ್ಟ್ರು. ಆ ಹೆಸರು ಇಟ್ಟುಕೊಂಡವರೂ ಅವರೇ. ಗಾಜಿನ ಕೊಳವೆಯೊಳಗೆ ಬಾದಾಮಿ ವಾಸನೆಯ ಬೆಂಜಾಲ್ಡಿಹೈಡ್ ಬಿಟ್ಟು, ಜೊತೆಗೇ ನೊಣಗಳಿಗೆ ಸಣ್ಣಗೆ ಕರೆಂಟು ಮುಟ್ಟಿಸುವುದು ಅವರ ಇಪ್ಪತ್ತು ವರ್ಷದ ಪಾಠ. ಆಮೇಲೆ ಬರೀ ವಾಸನೆಗೇ ನೊಣಗಳು ಓಟ ಕೀಳುತ್ತವೆ. "ನಾನು ಹೇಳಿಕೊಟ್ಟಿದ್ದು ತಲೆಗೆ ಹತ್ತಿದ್ದು ಇವಕ್ಕೆ ಮಾತ್ರ" ಎಂದು ನಗುವ ಮೇಷ್ಟ್ರು, ನೆನಪಿನ ಶಕ್ತಿಯ ಬಗ್ಗೆ ಭಾಷಣ ಮಾಡಲು ಹೋಗಿ ಕಾಗದವನ್ನು ಮನೆಯಲ್ಲೇ ಮರೆತವರು. ಸಂಜೆ ಹೊಸ್ತಿಲು ದಾಟುವ ಮೊದಲೇ "ಇನ್ನೂ ಓದಕ್ಕೆ ಕೂತಿಲ್ವಾ" ಎಂದು ಮಕ್ಕಳನ್ನು ಗದರುವುದು ಅವರ ರೂಢಿ. ಮೊನ್ನೆ ಬಾಗಿಲಲ್ಲಿ ನಿಂತಾಗ ಮಗಳು ತಮ್ಮನಿಗೆ ಹೇಳುವುದು ಕೇಳಿಸಿತು: "ಬಾದಾಮಿ ವಾಸನೆ ಬಂತು, ಒಳಗೆ ನಡಿಯೋ." ಅಂದಿನಿಂದ ಅಂಗಿ ಬದಲಿಸಿಕೊಂಡೇ ಮನೆಗೆ ಹೋಗುತ್ತಾರೆ. "ಈಗ ಚಪ್ಪಲಿ ಸದ್ದಿಗೇ ಓಡ್ತಾರೆ, ನನ್ನ ಮಕ್ಕಳು ನೊಣಕ್ಕಿಂತ ಚುರುಕು" ಎನ್ನುವಾಗ ಮಾತ್ರ ಅವರಿಗೆ ನಗು ಬರುವುದಿಲ್ಲ.