ಸೀಸದ ಗುಂಡು, ಏಳು ನಿಮಿಷ

ಸಾವಿರದ ಒಂಬೈನೂರ ಮೂವತ್ತೊಂದನೆಯ ಇಸವಿಯ ಮಾರ್ಚಿನಲ್ಲಿ ವಿಲ್ಫ್ರೆಡ್ ಹ್ಯಾಲಮ್ ಇಂಗ್ಲೆಂಡಿನ ಲ್ಯಾಂಕಷೈರಿನ ಒಂದು ಗಿರಣಿ ಊರಿನ ಚರ್ಚಿಗೆ ಆರ್ಗನ್ ನುಡಿಸಲು ಬಂದ ದಿನ, ಪರದೆಯ ಹಿಂದೆ ಆರ್ಗನ್ನಿಗೆ ಗಾಳಿ ತುಂಬುವ ತಿದಿ ಒತ್ತುತ್ತಿದ್ದವಳು ಡಾರ್ಕಸ್. ಗಂಡ ಸತ್ತ ಮೇಲೆ ಅವಳಿಗೆ ಆ ಕೆಲಸವೂ ಅದರ ಜೊತೆಗೆ ಚರ್ಚಿನದೇ ಒಂದು ಕೋಣೆಯ ಮನೆಯೂ ಸಿಕ್ಕಿದ್ದವು. ತಿದಿಯ ಪಕ್ಕದಲ್ಲಿ ದಾರಕ್ಕೆ ಕಟ್ಟಿದ ಸೀಸದ ಗುಂಡೊಂದು ತೂಗುತ್ತಿತ್ತು. ಅದು ಸೀಮೆಸುಣ್ಣದ ಗೆರೆ ದಾಟಿ ಮೇಲೇರಿತೆಂದರೆ ಗಾಳಿ ಮುಗಿಯಿತು, ಹಾಡು ಸೊರಗಿತು ಎಂದರ್ಥ.

ಬೇರೆ ವಾದಕರು ಅವಳತ್ತ ನೋಡುತ್ತಲೂ ಇರಲಿಲ್ಲ. ಇವನು ಪರದೆ ಸರಿಸಿ ಕೇಳಿದ: "ಗಾಳಿ ಹ್ಯಾಗಿದೆ ಅಮ್ಮಾ?"

"ಹದವಾಗಿ ನುಡಿಸಿದ್ರೆ ಬೇಕಾದಷ್ಟಿದೆ ಮಗಾ. ಕುದುರೆ ಓಡಿಸೋ ಹಾಗೆ ಓಡಿಸಿದ್ರೆ ನನ್ನ ತೋಳು ಬಿಚ್ಚಿ ನಿನ್ನ ಮನೆಗೇ ಕಳಿಸ್ತೀನಿ."

ಚರ್ಚಿನ ಸಂಬಳದಲ್ಲಿ ಅವನೂ ಹಾಸಿಗೆ ಹಿಡಿದ ಅಕ್ಕನೂ ಬದುಕುವಂತಿರಲಿಲ್ಲ. ವಾರದ ದಿನಗಳಲ್ಲಿ ಪಕ್ಕದ ಊರಿನ ಸಿನಿಮಾ ಮಂದಿರದಲ್ಲಿ, ಚರ್ಚಿಗೆ ತಿಳಿದರೆ ಕೆಲಸ ಹೋದೀತೆಂದು ಬೇರೆ ಹೆಸರಿಟ್ಟುಕೊಂಡು, ನುಡಿಸುತ್ತಿದ್ದ. ದಿನಕ್ಕೆ ಮೂರು ಸಲ ಯಂತ್ರ ಎತ್ತುವ ಆರ್ಗನ್ನಿನ ಸಮೇತ ತೆರೆಯ ಮುಂದಿನ ಕುಳಿಯಿಂದ ಬಣ್ಣದ ಬೆಳಕಿಗೆ ಏರಬೇಕು, ಅವೇ ನಾಲ್ಕು ಹಾಡು ನುಡಿಸಬೇಕು, ನಗುತ್ತಲೇ ಮತ್ತೆ ಕುಳಿಗಿಳಿಯಬೇಕು. ಆಟ ನಡೆಯುವಾಗ ಹೊರಗೆ ಬರುವಂತಿಲ್ಲ. ಅಲ್ಲೇ ಕೂತು, ಬ್ಯಾಟರಿ ದೀಪದಲ್ಲಿ, ಸ್ವಂತದ್ದೊಂದು ರಚನೆ ಬರೆದ. ಏಳು ನಿಮಿಷದ್ದು, ಮೂರು ವರ್ಷ ಹಿಡಿಯಿತು. ಅದನ್ನು ಚರ್ಚಿನಲ್ಲಿ ಒಮ್ಮೆ ಪೂರ್ತಿ ನುಡಿಸಬೇಕು, ಅಷ್ಟೇ ಅವನ ಆಸೆ.

ಗುಟ್ಟು ರಟ್ಟು ಮಾಡಿದ್ದು ಅವನ ಕೈಯೇ. ಸಿನಿಮಾದಲ್ಲಿ ಸ್ವರಗಳನ್ನೆಲ್ಲ ನಡುಗಿಸಿ ನುಡಿಸುವುದು ರೂಢಿ; ಆ ಸದ್ದು ಕೇಳಿದೊಡನೆ ಐಸ್‌ಕ್ರೀಮ್ ಮಾರುವವರು ಒಳಗೆ ಬರುತ್ತಿದ್ದರು. ಒಂದು ಶವಸಂಸ್ಕಾರದಲ್ಲಿ, ಶವಪೆಟ್ಟಿಗೆ ಒಳಗೆ ಬರುವಾಗ, ಅಭ್ಯಾಸಬಲದಿಂದ ನಡುಗಿಸುವ ಗುಬುಟನ್ನು ಎಳೆದುಬಿಟ್ಟ. ಹಿಂದಿನ ಬೆಂಚಿನ ಗಿರಣಿ ಹುಡುಗಿಯೊಬ್ಬಳು ಕಿಸಕ್ಕೆಂದಳು: "ಅಯ್ಯೋ, ಈಗ ಐಸ್‌ಕ್ರೀಮ್ ಬರುತ್ತೆ ನೋಡೇ!"

ಪಾದ್ರಿಗಳು ವಿಚಾರಿಸಿದರು. ಬರುವ ಭಾನುವಾರವೇ ಕೊನೆ ಎಂದರು.

ಆ ಭಾನುವಾರ ಪ್ರಾರ್ಥನೆ ಮುಗಿದು ಜನ ಏಳುತ್ತಿದ್ದಂತೆ ಅವನು ತನ್ನ ರಚನೆಯನ್ನು ಶುರುಮಾಡಿದ. ಎರಡು ನಿಮಿಷ ಆಗಿತ್ತೋ ಇಲ್ಲವೋ, ಪಾದ್ರಿಗಳು ತಿದಿಯ ಬಳಿ ಬಂದು ಹಿಡಿಯ ಮೇಲೆ ಕೈಯಿಟ್ಟರು.

"ಸಾಕು, ನಿಲ್ಸಿ. ನೀವಿರೋ ಮನೆ ಯಾರದ್ದು ಅಂತ ಗೊತ್ತಲ್ಲ?"

"ಗೊತ್ತು ಸ್ವಾಮಿ. ಕೈ ತೆಗೀರಿ, ಸಿಕ್ಕಿಹಾಕ್ಕೊಂಡ್ರೆ ಬೆರಳು ಉಳಿಯಲ್ಲ."

ಅವರು ಕೈ ತೆಗೆದರು. ಡಾರ್ಕಸ್ ಗುಂಡಿನ ಮೇಲಿಂದ ಕಣ್ಣು ಕೀಳಲಿಲ್ಲ. ಅದು ಗೆರೆ ದಾಟಲಿಲ್ಲ.

ಮುಗಿದಾಗ ಚರ್ಚು ಖಾಲಿ. ಎಲ್ಲರೂ ಮಧ್ಯಾಹ್ನದ ಊಟಕ್ಕೆ ಹೋಗಿದ್ದರು. ನಾಳೆಯಿಂದ ಅವನಿಗೆ ಕುಳಿಯೊಂದೇ, ಅವಳಿಗೆ ಬೇರೆ ಕೋಣೆ ಹುಡುಕುವ ಕೆಲಸ. ಅವನು ಕಾಗದ ಮಡಿಸಿ ಪರದೆ ಸರಿಸಿದ.

"ನಿಮಗಾದ್ರೂ ಕೇಳಿಸ್ತಾ ಅಮ್ಮಾ? ಇಲ್ಲಾಂದ್ರೆ ಅಲ್ಲಿ ಬರೀ ತಿದಿ ಸದ್ದೇನಾ?"