ಮಾಮಿ ಹೊಗಳಬಾರದ ಕಾಫಿ

ನನ್ನ ಮಾಮಿಯ ಬಾಯಿಂದ ಒಂದು ಒಳ್ಳೆಯ ಮಾತು ಬಂದರೆ ನಮ್ಮ ಮನೆಯಿಂದ ಒಂದು ಸಾಮಾನು ಹೋಗುತ್ತದೆ. ಮಾಮಿ ಎಂದರೆ ನನ್ನ ತಂದೆಯ ಅಕ್ಕ. ಇರುವುದು ಬೆಳ್ತಂಗಡಿಯಲ್ಲಿ. ಮನಸ್ಸು ಬಂದಾಗ ಬಸ್ಸು ಹತ್ತಿ ಬಂಟ್ವಾಳದ ನಮ್ಮ ಮನೆಗೆ ಬರುತ್ತಾರೆ. ಹಿರಿಯರು ಬಂದು ಒಂದು ವಸ್ತುವನ್ನು ಕೈಯಲ್ಲಿ ಹಿಡಿದು "ಚಂದ ಉಂಟು" ಅಂದರೆ ಅದನ್ನು ಅಲ್ಲಿಯೇ ಚೀಲಕ್ಕೆ ಹಾಕಿ ಕೊಟ್ಟುಬಿಡಬೇಕು ಎನ್ನುವುದು ನಮ್ಮ ಮನೆಯ ಕ್ರಮ. ಯಾರು ಮಾಡಿದ ಕ್ರಮವೋ ಗೊತ್ತಿಲ್ಲ, ನಡೆಸಿಕೊಂಡು ಬರುವವರು ನನ್ನ ತಾಯಿ, ನಮ್ಮ ಉಮ್ಮ. ಮಾಮಿ ಯಾವತ್ತೂ ಏನನ್ನೂ ಕೇಳಿದವರಲ್ಲ. ಬರೀ ಹೊಗಳುತ್ತಾರೆ. ಹಾಗೆ ಹೊಗಳಿ ಹೊಗಳಿಯೇ ನಮ್ಮ ಚಾದ ಫ್ಲಾಸ್ಕು, ಚಾರ್ಜಿನ ಟಾರ್ಚು, ನನ್ನ ತಮ್ಮ ನನ್ನ ಹೆಂಡತಿಗೆಂದು ತಂದ ಮೆತ್ತನೆಯ ಹೊದಿಕೆ, ಕೊನೆಗೆ ತನ್ನ ಪಾಡಿಗೆ ಗೋಡೆಯ ಮೇಲೆ ಓಡುತ್ತಿದ್ದ ಗಡಿಯಾರ ಕೂಡ ಬೆಳ್ತಂಗಡಿ ಸೇರಿದವು. ಗಡಿಯಾರ ಹೋದ ಜಾಗದಲ್ಲಿ ಉಳಿದ ಬಿಳಿ ಗುರುತನ್ನು ನೋಡಿ ನಾನು ಎಷ್ಟೋ ಸಲ ಗಂಟೆ ತಿಳಿಯಲು ಹೊರಟದ್ದುಂಟು.

ಹೀಗಿರುವಾಗ ದುಬೈಯಲ್ಲಿರುವ ತಮ್ಮ ರಜೆಗೆ ಬರುವ ಮೊದಲು ಫೋನು ಮಾಡಿ, "ಕಾಕ, ನಿಮಗೆ ಎಂತ ತರಬೇಕು?" ಎಂದು ಕೇಳಿದ. ನಮ್ಮಲ್ಲಿ ಅಣ್ಣನನ್ನು ಕಾಕ ಎನ್ನುವುದು. ಪ್ರತಿ ಸಲವೂ ನಾನು "ಎಂತದೂ ಬೇಡ" ಅನ್ನುವವನು. ಆ ಸಲ ಮಾತ್ರ ಎಸ್ಪ್ರೆಸೊ ಕಾಫಿ ಮಾಡುವ ಮೆಷಿನ್ನು ಮತ್ತು ಕಾಫಿ ಬೀಜ ಪುಡಿ ಮಾಡುವ ಗ್ರೈಂಡರು ಬೇಕು ಎಂದೆ. ಅವನು, "ಸೆಂಟು ಸಾಕಾಗ್ಲಿಕ್ಕಿಲ್ವಾ?" ಎಂದ.

ಸಾಕಾಗುತ್ತಿರಲಿಲ್ಲ. ನನ್ನದು ಬಿ.ಸಿ. ರೋಡಿನಲ್ಲಿ ಪೈಪು, ನಲ್ಲಿ, ನೀರಿನ ಟ್ಯಾಂಕಿನ ಅಂಗಡಿ. ಬೆಳಗ್ಗಿನಿಂದ ಸಂಜೆಯವರೆಗೆ ಪೈಪು ಅಂಟಿಸುವ ಸಾಲ್ವೆಂಟ್ ಗಮ್ಮಿನ ವಾಸನೆ ಕುಡಿಯುವ ಮನುಷ್ಯ ನಾನು. ಮನೆಯಲ್ಲಿ ಗೋಡೆಯ ಬಣ್ಣ ಹೆಂಡತಿ ಆರಿಸಿದ್ದು, ಸೋಫಾ ತಮ್ಮ ಆರಿಸಿದ್ದು, ನನ್ನ ಅಂಗಿ ಉಮ್ಮ ಆರಿಸಿದ್ದು. ಈ ಮೆಷಿನ್ನು ನಾನೇ ಬೇಕು ಎಂದು ಬಾಯಿಬಿಟ್ಟು ಕೇಳಿದ ಮೊದಲ ವಸ್ತು. ಅದು ಪೆಟ್ಟಿಗೆಯಿಂದ ಹೊರಬಂದ ದಿನವೇ ನಾನು ತೀರ್ಮಾನಿಸಿದೆ: ಇದನ್ನು ಮಾಮಿ ನೋಡಬಾರದು. ನೋಡಿದರೂ ಹೊಗಳಬಾರದು. ಮಹಡಿಯ ಮೂಲೆಯ ಕೋಣೆಯಲ್ಲಿ ಇಟ್ಟು, ಮೇಲೆ ಹಳೆಯ ಬೆಡ್‌ಶೀಟು ಹೊದಿಸಿದೆ.

ಮೆಷಿನ್ನು ಬಂದರೆ ಮುಗಿಯಿತು ಅಂದುಕೊಂಡಿದ್ದೆ. ಅದು ಬರೀ ಮದುಮಗ, ದಿಬ್ಬಣ ಹಿಂದಿನಿಂದ ಬರಬೇಕು ಎಂದು ಆಮೇಲೆ ತಿಳಿಯಿತು. ಪುಡಿಯನ್ನು ಒತ್ತಲು ಟ್ಯಾಂಪರ್ ಬೇಕು, ಗಂಟು ಬಿಡಿಸಲು ಸೂಜಿಗಳ ಕಡ್ಡಿ ಬೇಕು, ಪುಡಿ ಹೊರಗೆ ಚೆಲ್ಲದಂತೆ ಬಳೆ ಬೇಕು, ತೂಗಲು ಸಣ್ಣ ತಕ್ಕಡಿ, ಹಾಲಿಗೆ ಜಗ್ಗು, ಮುಗಿದ ಗಸಿಯನ್ನು ಕುಟ್ಟಿ ಬೀಳಿಸಲು ಅಡ್ಡದಂಡೆಯ ಡಬ್ಬ. ಅಂಗಡಿಯಲ್ಲಿ ಗಿರಾಕಿ ಇಲ್ಲದ ಹೊತ್ತಿನಲ್ಲೆಲ್ಲ ಮೊಬೈಲಿನಲ್ಲಿ ಟ್ಯಾಂಪರಿನ ಹಿಡಿ ನೋಡುತ್ತ ಕೂತೆ. ಬೀಟೆ ಮರದ ಹಿಡಿಯೋ ಕರಿಯ ಹಿಡಿಯೋ ಎಂದು ತಲೆಕೆಡಿಸಿಕೊಂಡೆ.

"ನನ್ನನ್ನು ನೋಡ್ಲಿಕ್ಕೆ ಬಂದಾಗ ಹತ್ತು ನಿಮಿಷದಲ್ಲಿ ಆಯ್ತು ಅಂದಿದ್ರಿ. ಒಂದು ಹಿಡಿಗೆ ಇಷ್ಟು ದಿನ ಬೇಕಾ?" ಎಂದಳು ಹೆಂಡತಿ.

"ಅವತ್ತು ಆರಿಸ್ಲಿಕ್ಕೆ ಒಂದೇ ಇದ್ದದ್ದಲ್ವಾ" ಎಂದೆ. ಆ ದಿನ ನನಗೆ ಸಾರು ತಣ್ಣಗಿತ್ತು.

ದುಡ್ಡು ಉಳಿಸುವ ಹುಚ್ಚಿನಲ್ಲಿ ಬಳೆಯನ್ನು ಅಂಗಡಿಯಲ್ಲಿದ್ದ, ದೊಡ್ಡ ಪೈಪಿಗೆ ಸಣ್ಣ ಪೈಪು ಜೋಡಿಸುವ ಪಿವಿಸಿ ರೆಡ್ಯೂಸರಿನಿಂದಲೇ ಮಾಡಿದೆ. ಬಿಸಿ ತಾಗಿದ ಕೂಡಲೇ ಅದರ ವಾಸನೆ ಕಾಫಿಗೆ ಏರಿತು. ಹೆಂಡತಿ ಒಂದು ಗುಟುಕು ಕುಡಿದು, ಬಾತ್‌ರೂಮಿನ ಲೈನು ಈ ಮೆಷಿನ್ನಿಗೆ ಕನೆಕ್ಷನ್ ಆಗಿದೆ, ನೋಡಿಕೊಳ್ಳಿ ಎಂದಳು. ಅದನ್ನು ಬಿಸಾಡಿ ಸ್ಟೀಲಿನದ್ದು ತರಿಸಿದೆ. ಕಾಫಿ ಇಳಿಯುವುದನ್ನು ಕೆಳಗಿನಿಂದ ನೋಡಲು ಒಂದು ಪುಟ್ಟ ಕನ್ನಡಿಯೂ ಬೇಕೆಂದು ಎಲ್ಲೋ ನೋಡಿ, ಅವಳ ವ್ಯಾನಿಟಿ ಬ್ಯಾಗಿನ ಕನ್ನಡಿಯನ್ನು ತೆಗೆದೆ. ಗೊತ್ತಾಗುವುದಿಲ್ಲ ಅಂದುಕೊಂಡಿದ್ದೆ. ಮದುವೆಯಾಗಿ ಇಷ್ಟು ವರ್ಷವಾದರೂ ನನಗೆ ಬುದ್ಧಿ ಬಂದಿಲ್ಲ.

ಟ್ಯಾಂಪರಿನ ವಿಷಯದಲ್ಲಿ ಮಾತ್ರ ನನಗೆ ಪೂರ್ತಿ ಧೈರ್ಯವಿತ್ತು. ಅಳತೆ ನನ್ನ ಹೊಟ್ಟೆಪಾಡು. ಮೆಷಿನ್ನಿನ ಪುಡಿ ತುಂಬುವ ಸ್ಟೀಲಿನ ಬುಟ್ಟಿಯನ್ನು ಅಂಗಡಿಗೆ ಒಯ್ದು, ಕ್ಯಾಲಿಪರ್ ಹಾಕಿ, ಸರಿಯಾಗಿ ಅಳೆದು, ಅದೇ ಅಳತೆಯ ಟ್ಯಾಂಪರ್ ತರಿಸಿದೆ. ಬೀಟೆ ಹಿಡಿ, ಕೆಳಗೆ ಗಟ್ಟಿ ಸ್ಟೀಲು, ಕೈಯಲ್ಲಿ ಹಿಡಿದರೆ ಒಳ್ಳೆ ಭಾರ. ಬುಟ್ಟಿಯ ಮೇಲೆ ಇಟ್ಟೆ. ಅದು ಒಳಗೆ ಇಳಿಯಲಿಲ್ಲ. ಚರಿಗೆಯ ಮುಚ್ಚಳದ ಹಾಗೆ ಮೇಲೆಯೇ ಕೂತಿತು. ಪಿವಿಸಿ ಪೈಪಿನ ವ್ಯಾಪಾರದಲ್ಲಿ ಅಳತೆ ಅಂದರೆ ಹೊರಗಿನ ಅಳತೆ. ಒಳಗೆ ಏನು ಹೋಗುತ್ತದೆ ಎಂದು ನಾವು ಕೇಳುವುದಿಲ್ಲ, ಅದು ನೀರಿನ ತಲೆನೋವು. ಅಭ್ಯಾಸದ ಕೈ ಬುಟ್ಟಿಯ ಹೊರಗಂಚನ್ನು ಅಳೆದಿತ್ತು.

ಮೂಡುಬಿದಿರೆಯಲ್ಲಿ ಸಣ್ಣ ಕೆಫೆ ಇಟ್ಟಿರುವ ಒಬ್ಬರು ನನ್ನ ಅಂಗಡಿಯ ಗಿರಾಕಿ. ಅವರಲ್ಲಿ ಹೋಗಿ ಸಂಕಟ ಹೇಳಿಕೊಂಡೆ. ಅವರು ಹೊಟ್ಟೆ ಹಿಡಿದುಕೊಂಡು ನಕ್ಕು, ಕಣ್ಣು ಒರೆಸಿಕೊಂಡು, ತಮ್ಮ ಹಳೆಯ ಟ್ಯಾಂಪರ್ ಒಂದನ್ನು ಕೊಟ್ಟರು. ಹಿಡಿಯ ಬಣ್ಣ ಹೋಗಿತ್ತು, ಆದರೆ ಬುಟ್ಟಿಯೊಳಗೆ ಮೆಲ್ಲಗೆ ಇಳಿಯಿತು. ಅದರಿಂದ ಇಳಿಸಿದ ಮೊದಲ ಕಾಫಿ ಜೇನಿನ ಹಾಗೆ ದಪ್ಪಗೆ ಬಿತ್ತು. ಕುಡಿದು ನಾನು ಒಬ್ಬನೇ ಮಹಡಿಯ ಕೋಣೆಯಲ್ಲಿ ನಿಂತು ನಕ್ಕೆ. ಖುಷಿಯಾಗಿತ್ತು, ಬೇರೆ ಏನೂ ಅಲ್ಲ.

ಆದರೆ ಆ ದೊಡ್ಡ ಟ್ಯಾಂಪರನ್ನು ಅಡುಗೆಮನೆಯಲ್ಲಿ ಬಿಟ್ಟಿದ್ದೆ. ನಾನು ಅಂಗಡಿಯಲ್ಲಿದ್ದಾಗ ಮಾಮಿ ಬಂದಿದ್ದಾರೆ, ಅದನ್ನು ಕೈಯಲ್ಲಿ ತೂಗಿ ನೋಡಿದ್ದಾರೆ, ಪತ್ತಿರ್ ಎನ್ನುವ ನಮ್ಮ ಅಕ್ಕಿ ರೊಟ್ಟಿ ಲಟ್ಟಿಸುವ ಮೊದಲು ಅಕ್ಕಿ ಹಿಟ್ಟಿನ ಉಂಡೆಯನ್ನು ಅದರಿಂದ ಒಮ್ಮೆ ಒತ್ತಿದ್ದಾರೆ. ಉಂಡೆ ದುಂಡಗೆ, ಸಮನಾಗಿ ಚಪ್ಪಟೆಯಾಗಿದೆ. ಉಳಿದದ್ದನ್ನು ಹೆಂಡತಿ ಹೇಳುವ ಮೊದಲೇ ನಾನು ಊಹಿಸಿದೆ. ಅವರು "ಚಂದ ಉಂಟು" ಅನ್ನುವಷ್ಟರಲ್ಲಿ ಉಮ್ಮ ಚೀಲ ಹುಡುಕಲು ಎದ್ದಾಗಿತ್ತು.

ಅದು ಹೋದದ್ದಕ್ಕೆ ನನಗೆ ಬೇಜಾರಾಗಲಿಲ್ಲ. ಭಯವಾದದ್ದು ಎರಡು ದಿನ ಬಿಟ್ಟು ಬಂದ ಮಾಮಿಯ ಫೋನಿನಿಂದ. ಮಗನೇ ಎನ್ನಲು ಅವರು ನನ್ನನ್ನು ಮೋನೆ ಎಂದೇ ಕರೆಯುವುದು.

"ಮೋನೆ, ಪತ್ತಿರ್ ಭಾರೀ ಲಾಯ್ಕ ಆಗ್ತದೆ. ಆದ್ರೆ ಇದು ಒಂಟಿ ಸಾಮಾನು ಅಲ್ಲ. ಇದು ಮರಿ. ಇದರ ತಾಯಿ ನಿಮ್ಮಲ್ಲಿ ಎಲ್ಲಿಯೋ ಉಂಟು."

"ತಾಯಿಯಾ? ಹಾಗೆಂತ ಇಲ್ಲ ಮಾಮಿ."

"ನಿನ್ನ ಉಮ್ಮ ಹೇಳಿದ್ಳು, ಮೇಲಿನ ಕೋಣೆಯಲ್ಲಿ ಶೀಟು ಹೊದ್ದು ಕೂತಿದೆ ಅಂತ. ಆದಿತ್ಯವಾರ ಬರ್ತೇನೆ. ಕಾಫಿ ಮಾಡು."

ಹೆಂಡತಿ ಉಪಾಯ ಹೇಳಿದಳು. ಅವಳಿಗೆ ಮೆಷಿನ್ನಿನ ಮೇಲೆ ಪ್ರೀತಿಯಿಲ್ಲ, ಆದರೆ ಅವಳ ಹೊದಿಕೆಯೂ ಬೆಳ್ತಂಗಡಿಯಲ್ಲಿದೆ. "ಕೆಟ್ಟ ಕಾಫಿ ಕೊಡುವ. ಪುಡಿ ತರಿ ತರಿ ಮಾಡಿ. ಒತ್ತಬೇಡಿ. ನೀರು ನೀರು ಬೀಳ್ಲಿ. ಅದನ್ನು ಕುಡಿದು ಯಾರಾದ್ರೂ ಚಂದ ಉಂಟು ಅಂತಾರಾ?" ಇಷ್ಟು ಒಳ್ಳೆಯ ತಲೆ ನನ್ನ ಮನೆಯಲ್ಲೇ ಇದ್ದದ್ದು ನೋಡಿ ನನಗೆ ಹೆಮ್ಮೆಯಾಯಿತು. ಒಪ್ಪಿದೆ.

ಆದಿತ್ಯವಾರ ಮಾಮಿ ಬಂದರು. ಮೊಣಕಾಲು ಹಿಡಿದುಕೊಂಡು ಮಹಡಿ ಹತ್ತಿ, ಕುರ್ಚಿ ಎಳೆದು ಮೆಷಿನ್ನಿನ ಎದುರಿಗೇ ಕೂತರು. ಉಮ್ಮ ಬಾಗಿಲಲ್ಲಿ ನಿಂತರು. ಅವರ ಕೈಯಲ್ಲಿ ಆಗಲೇ ಒಂದು ದೊಡ್ಡ ಬಟ್ಟೆಯ ಚೀಲವಿದ್ದುದನ್ನು ನಾನು ನೋಡಿದೆ.

ಗ್ರೈಂಡರನ್ನು ತರಿಗೆ ತಿರುಗಿಸಲು ಹೋದೆ. ಕೈ ಹೋಯಿತು, ತಿರುಗಲಿಲ್ಲ. ಇಷ್ಟು ದಿನ ಇಷ್ಟೆಲ್ಲ ಸಾಮಾನು ಆರಿಸಿದ್ದು ಒಂದು ಒಳ್ಳೆಯ ಕಾಫಿಗಾಗಿ. ಅದನ್ನು ಮನೆಗೆ ಬಂದ ಹಿರಿಯರಿಗೆ ಬೇಕೆಂದೇ ಕೆಡಿಸಿ ಕೊಡಲು ನನ್ನಿಂದಾಗಲಿಲ್ಲ. ಹೆಂಡತಿ ಕೆಮ್ಮಿದಳು. ನಾನು ಬೀಜ ತೂಗಿದೆ, ನುಣ್ಣಗೆ ಪುಡಿ ಮಾಡಿದೆ, ಬಳೆ ಇಟ್ಟೆ, ಸೂಜಿಕಡ್ಡಿಯಿಂದ ಗಂಟು ಬಿಡಿಸಿದೆ, ಟ್ಯಾಂಪರಿನಿಂದ ಸಮನಾಗಿ ಒತ್ತಿದೆ. ಹೆಂಡತಿ ಇನ್ನೊಮ್ಮೆ ಜೋರಾಗಿ ಕೆಮ್ಮಿದಳು. ಕಾಫಿ ಇಳಿಯಿತು. ಇದುವರೆಗೆ ನಾನು ಮಾಡಿದ್ದರಲ್ಲಿ ಅದೇ ಒಳ್ಳೆಯದು ಎಂದು ಬಣ್ಣದಲ್ಲೇ ಗೊತ್ತಾಯಿತು. ಜಗ್ಗಿನಲ್ಲಿ ಹಾಲು ನೊರೆ ಬರಿಸಿ, ಎರಡು ಚಮಚ ಸಕ್ಕರೆ ಹಾಕಿ, ಮಾಮಿಯ ಕೈಗೆ ಕೊಟ್ಟೆ. ಮುಗಿಯಿತು ನನ್ನ ಮೆಷಿನ್ನಿನ ಕತೆ ಎಂದುಕೊಂಡೆ. 

ಮಾಮಿ ಒಂದು ಗುಟುಕು ಕುಡಿದರು. ಕಣ್ಣು ಮುಚ್ಚಿದರು. ಇನ್ನೊಂದು ಗುಟುಕು ಕುಡಿದರು. ಆಮೇಲೆ ಮೆಷಿನ್ನನ್ನು ನೋಡಿದರು, ಉಮ್ಮನ ಚೀಲವನ್ನು ನೋಡಿದರು, ಕೊನೆಗೆ ನನ್ನ ಮುಖವನ್ನು ನೋಡಿದರು. ನನ್ನ ಮುಖ ಆಗ ಹೇಗಿತ್ತೋ ಗೊತ್ತಿಲ್ಲ.

"ಕೈಪೆ" ಎಂದರು. "ಕಷಾಯವೇ ಎಷ್ಟೋ ವಾಸಿ."

ಉಮ್ಮನ ಚೀಲ ಮಡಚಿಕೊಂಡಿತು. ಹೆಂಡತಿ ಉಸಿರು ಬಿಟ್ಟಳು. ಮೆಷಿನ್ನು ಉಳಿಯಿತು. ಅಷ್ಟಕ್ಕೆ ಬಾಯಿ ಮುಚ್ಚಿ ಕೂರಬೇಕಾದ ನಾನು ಮುಚ್ಚಲಿಲ್ಲ. ಎರಡು ಚಮಚ ಸಕ್ಕರೆ, ಅಷ್ಟು ಹಾಲು, ಆ ಬಣ್ಣ, ಅದು ಕಹಿಯೇ? ನನಗೆ ಉರಿಯಿತು.

"ಎಂತದು ಮಾಮಿ, ಕೈಪೆಯಾ? ಸರಿ ಕುಡಿದು ಹೇಳಿ. ಅಡಿಯವರೆಗೆ ಕುಡಿದು ಹೇಳಿ."

ಹೆಂಡತಿ ಹಿಂದಿನಿಂದ ನನ್ನ ಅಂಗಿ ಎಳೆದಳು. ಮಾಮಿ ಅಡಿಯವರೆಗೆ ಕುಡಿದರು. ಲೋಟದ ಅಂಚಿಗೆ ಅಂಟಿದ ನೊರೆಯನ್ನೂ ಬೆರಳಿನಿಂದ ಒರೆಸಿ ನೆಕ್ಕಿದರು. ಆಮೇಲೆ ನನ್ನ ಕಡೆಗೆ ಬಗ್ಗಿ, ಬಾಗಿಲಲ್ಲಿದ್ದ ಉಮ್ಮನಿಗೆ ಕೇಳದಷ್ಟು ಮೆಲ್ಲಗೆ ಹೇಳಿದರು:

"ಮೋನೆ, ನಿನಗೆ ಮೆಷಿನ್ ಬೇಕಾ, ಹೊಗಳುವುದು ಬೇಕಾ? ಒಂದು ಹೇಳು."

 ನಾಚಿಕೆಬಿಟ್ಟು ಹೇಳುತ್ತೇನೆ, ನಿಜವಾಗಿಯೂ ಯೋಚಿಸಿದೆ.

"ಮೆಷಿನ್" ಎಂದೆ.

"ಹಾಗಾದ್ರೆ ಕೈಪೆ" ಎಂದು ಮಾಮಿ ಉಮ್ಮನಿಗೆ ಕೇಳುವ ಹಾಗೆ ಗಟ್ಟಿಯಾಗಿ ಹೇಳಿ, ಖಾಲಿ ಲೋಟವನ್ನು ನನ್ನ ಮುಂದೆ ಹಿಡಿದರು. "ಇನ್ನೊಂದು ಹಾಕು."